ಬೆಸುಗೆಯ ಅಡಿಬದಿ

ಆ ಭಾನುವಾರ ನನ್ನ ಗಂಡನಿಗೆ ರಜೆ. ಕಿಟಕಿಯ ಕೊಂಡಿ ಸರಿಮಾಡಿದರು, ಉಂಡರು, ಹಿತ್ತಲಲ್ಲಿ ಕೂತರು. ಮೈದುನ ಕೆಲಸಕ್ಕೆ ಹೋಗಿದ್ದ. ಅಣ್ಣ ತಮ್ಮ ಇಬ್ಬರದೂ ಒಂದೇ ಕಾರ್ಖಾನೆ. ಇವರು ಅಲ್ಯೂಮಿನಿಯಂ ತಗಡು ಬೆಸೆದು ಟ್ಯಾಂಕ್ ಮಾಡುತ್ತಿದ್ದರು. ಅವನು ಅದಕ್ಕೆ ಗಾಳಿ ತುಂಬಿ ಪರೀಕ್ಷೆ ಮಾಡುತ್ತಿದ್ದ.

ಇವರ ಬೆಸುಗೆಯಲ್ಲಿ ಬೆಂಕಿಯಿಲ್ಲ. ಗಿರ್ರನೆ ತಿರುಗುವ ಉಕ್ಕಿನ ಮೊಳೆ ಎರಡು ತಗಡಿನ ಸಂದಿಗೆ ಇಳಿಯುತ್ತದೆ. ಉಜ್ಜಿದ ಬಿಸಿಗೆ ಲೋಹ ಕರಗುವುದಿಲ್ಲ, ಹಿಟ್ಟಿನ ಹಾಗೆ ಮೆತ್ತಗಾಗಿ ಕಲಸಿಕೊಳ್ಳುತ್ತದೆ. ಮೊಳೆ ತೀರಾ ನಿಧಾನ ಸಾಗಿದರೆ ಬಿಸಿ ಹೆಚ್ಚಾಗಿ ಅಕ್ಕಪಕ್ಕದ ತಗಡು ಬಲ ಕಳೆದುಕೊಳ್ಳುತ್ತದೆ. ತೀರಾ ಬೇಗ ಸಾಗಿದರೆ ಲೋಹ ಕಲಸಿಕೊಳ್ಳದೆ ಒಳಗೆ, ಅಡಿಬದಿಗೆ ಹತ್ತಿರ, ಟೊಳ್ಳು ಉಳಿಯುತ್ತದೆ. ಮೇಲೆ ಮಾತ್ರ ನುಣ್ಣಗೆ. ಇದೆಲ್ಲ ಅವರೇ ಹೇಳಿಕೊಟ್ಟದ್ದು. ನಾನು ಓದಿದ್ದು ಮೂರನೇ ಕ್ಲಾಸು.

ಆ ವಾರ ಸೂಪರ್‌ವೈಸರ್ ಮೊಳೆಯ ಓಟ ದುಪ್ಪಟ್ಟು ಮಾಡಿಸಿದ್ದ. ತಿರುಗುವ ವೇಗ ಮೊದಲಿನಷ್ಟೇ. ಇವರು ಬೇಡವೆಂದಾಗ, ಮಿಷನ್ ಓಡಿಸ್ತೀರೋ ಆಮೆ ಮೇಯಿಸ್ತೀರೋ ಎಂದು ನಗಾಡಿದನಂತೆ. ಟ್ಯಾಂಕಿನ ಜೊತೆಗೇ ಬೆಸೆದ ಮಾದರಿ ತುಂಡನ್ನು ಎರಡೂ ಕಡೆಗೆ ಬಾಗಿಸಿ ನೋಡುವುದು ಇವರ ಪದ್ಧತಿ. ಆ ಅವಸರದಲ್ಲಿ, ನುಣ್ಣನೆಯ ಬದಿ ಹೊರಗಾಗುವಂತೆ ಒಂದೇ ಕಡೆ ಬಾಗಿಸಿದ್ದರು. ಬಿರುಕು ಬಿಟ್ಟಿರಲಿಲ್ಲ. ಪಾಸು ಎಂದು ಬರೆದಿದ್ದರು.

ಮನಸ್ಸು ತಡೆಯದೆ ಅಂಥ ಇನ್ನೊಂದು ತುಂಡು ಮನೆಗೆ ತಂದಿದ್ದರು. ಹಿತ್ತಲ ಕಲ್ಲಿನ ಮೇಲಿಟ್ಟು, ಅಡಿಬದಿ ಹೊರಗಾಗುವಂತೆ ಸುತ್ತಿಗೆಯಿಂದ ಬಾಗಿಸಿದರು. ಪಟ್ಟೆಂದು ಎರಡಾಯಿತು. ಮುರಿದ ಜಾಗದಲ್ಲಿ ನನ್ನ ಸೂಜಿ ಹೋಗುವಷ್ಟು ತೂತು. ಆ ವಾರದ ಟ್ಯಾಂಕಿಗೆ ಗಾಳಿ ತುಂಬುವುದು ಅವತ್ತೇ.

ತಮ್ಮನಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಒಳಗೆ ಹೋಗುವವರ ಫೋನನ್ನು ಗೇಟಿನಲ್ಲೇ ಇಡಿಸಿಕೊಳ್ಳುತ್ತಾರೆ. ಸೈಕಲ್ ತೆಗೆದರು. ನಾನು ಹ್ಯಾಂಡಲ್ ಹಿಡಿದೆ.

"ತಪ್ಪು ನಿಮ್ಮ ತಲೆಗೆ ಕಟ್ತಾರೆ. ಸುಮ್ನಿರಿ," ಅಂದೆ.

"ಕಟ್ಲಿ ಬಿಡೇ. ಅವ್ನು ಅದರ ಪಕ್ಕದಲ್ಲೇ ನಿಂತಿರ್ತಾನೆ."

ಕೈ ಬಿಟ್ಟೆ. ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ. ಆ ಹೊತ್ತೇ ನನ್ನನ್ನು ತಿನ್ನುತ್ತದೆ.

ಇವರು ಹೋಗುವಷ್ಟರಲ್ಲಿ ಗಾಳಿ ಮುಕ್ಕಾಲು ತುಂಬಿತ್ತು. ತಮ್ಮನನ್ನು ಆಚೆ ನೂಕಿ, ಗಾಳಿ ಬಿಡಲು ವಾಲ್ವಿಗೆ ಕೈ ಹಾಕಿದರಂತೆ. ಬೆಸುಗೆ ಉದ್ದಕ್ಕೂ ಸಿಡಿದು ಬಿಚ್ಚಿಕೊಂಡಿತು. ಮನೆಗೆ ಬಂದವನು ಮೈದುನ ಒಬ್ಬನೇ, ಬರಿಗಾಲಲ್ಲಿ. ಬಾಗಿಲಲ್ಲಿ ನಿಂತು "ಅತ್ತಿಗೆ" ಅಂದ.

ಇವರು ತೀರಿಕೊಂಡ ಮೇಲೆ ಅಲ್ಲಿ ನೀರು ತುಂಬಿ ಪರೀಕ್ಷೆ ಮಾಡುತ್ತಾರೆ. ನೀರಾದರೆ ಸೋರುತ್ತದಷ್ಟೇ, ಗಾಳಿಯ ಹಾಗೆ ಸಿಡಿಯುವುದಿಲ್ಲ ಎನ್ನುತ್ತಾನೆ ಮೈದುನ. ನನ್ನ ಎದೆ ಕೇಳುವುದಿಲ್ಲ. ಅವನು ಇನ್ನೂ ಅದೇ ಕೆಲಸಕ್ಕೆ ಹೋಗುತ್ತಾನೆ. ದಿನಾ ಬೆಳಿಗ್ಗೆ ಅವನ ಡಬ್ಬಿಗೆ ಊಟ ತುಂಬುತ್ತೇನೆ. ಇವತ್ತು ನೀರಾ, ಗಾಳಿಯಾ ಎಂದು ಕೇಳುತ್ತೇನೆ. ನೀರು ಅಂದಮೇಲೆ ಮುಚ್ಚಳ ಹಾಕುತ್ತೇನೆ.