ಬು ವಾರ್ತಿನಾ ಅಡ್ಡಗೆರೆ ಎಳೆದ ಹದಿಮೂರು ದಿನ

ಇಂಡೋನೇಷ್ಯಾದ ಸುರಬಾಯಾದಲ್ಲಿ ಬಂದರಿಗೆ ಹೋಗುವ ರಸ್ತೆಯ ಬೆನ್ನಿಗೇ ನಮ್ಮ ಓಣಿಯಿದೆ. ಬು ವಾರ್ತಿನಾರ ಟಾರ್ಚಿಗೆ ಅಂಜದ ಮನೆ ಇಲ್ಲಿಲ್ಲ. (ಹಿರಿಯ ಹೆಂಗಸರಿಗೆ ‘ಬು’, ಗಂಡಸರಿಗೆ ‘ಪಾಕ್’ ಎನ್ನುವುದು ನಮ್ಮಲ್ಲಿ ಮರ್ಯಾದೆ.) ಹನ್ನೊಂದು ವರ್ಷಗಳಿಂದ ಪ್ರತಿ ಶುಕ್ರವಾರ ಅವರು ಮನೆಮನೆಯ ಸ್ನಾನದ ತೊಟ್ಟಿಗೆ ಬೆಳಕು ಬಿಟ್ಟು ಸೊಳ್ಳೆಮರಿ ಹುಡುಕುತ್ತಾರೆ; ಕಂಡರೆ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಬರೆಯುತ್ತಾರೆ. ಸ್ವಂತ ತಮ್ಮನ ಮನೆಗೂ ವಿನಾಯಿತಿ ಸಿಕ್ಕಿಲ್ಲ. ಗಾಳಿಯ ದೂಳನ್ನು ಅಳೆಯುವ ಅಂಗೈಯಗಲದ ಪೆಟ್ಟಿಗೆಯನ್ನು ಹೆಂಗಸರ ಸಂಘವು ಹೊಲಿಗೆ ಕೆಲಸದ ಈ ವಿಧವೆಯ ಕೈಗಿತ್ತದ್ದು ಆ ಕಾರಣಕ್ಕೇ.

ನಮಗೆ ಬೇಕಾಗಿದ್ದದ್ದು ಒಂದೇ. ಮಕ್ಕಳು ಶಾಲೆಗೆ ನಡೆಯುವ ಹೊತ್ತಿನಲ್ಲಿ, ಆರರಿಂದ ಎಂಟರವರೆಗೆ, ಕಂಟೇನರ್ ಲಾರಿಗಳು ಆ ರಸ್ತೆಗೆ ಇಳಿಯಬಾರದು. ವಾರ್ತಿನಾರ ಮೊಮ್ಮಗಳು ಸೆಕಾರ್ ಉಬ್ಬಸದಿಂದ ಆ ವರ್ಷ ಎರಡು ಸಲ ಆಸ್ಪತ್ರೆ ಸೇರಿದ್ದಳು. "ಕೆಮ್ಮು ಸಾಕ್ಷಿ ಆಗಲ್ಲಮ್ಮ, ಅಂಕಿ ತನ್ನಿ" ಎಂದಿದ್ದ ನಗರದ ಸಾರಿಗೆ ಅಧಿಕಾರಿ ತಿಂಗಳ ಕೊನೆಗೆ ಸಭೆ ಕರೆದಿದ್ದರು.

ಪೆಟ್ಟಿಗೆಯನ್ನು ರಾತ್ರಿ ಗಸ್ತಿನವರು ಕೂರುವ ಕಟ್ಟೆಯಲ್ಲಿ ನೇತುಹಾಕಲಾಯಿತು. ಹದಿಮೂರು ದಿನಗಳ ಬಳಿಕ ವಾರ್ತಿನಾ ಅಂಕಿ ಬರೆದ ಪುಸ್ತಕ ಹಿಡಿದು ಆ ಕಟ್ಟೆಯ ಮುಂದೆ ನಿಂತರು. ಗಂಡಸರು ಡೊಮಿನೊ ಆಡುತ್ತಿದ್ದರು.

"ಪಾಕ್ ಕುಸ್ನೋ, ಭಾನುವಾರ ಒಂದೂ ಲಾರಿ ಬರ್ಲಿಲ್ಲ. ಆದ್ರೂ ಸಂಜೆ ಅಂಕಿ ಯಾಕೆ ಏರಿತು?"

"ದೆವ್ವ ಲಾರಿ ಓಡ್ಸಿರ್ಬೇಕು, ಬು" ಎಂದ ಗಸ್ತಿನ ಹಿರಿಯ ಕುಸ್ನೋ.

"ಆ ದೆವ್ವ ಲವಂಗದ ಸಿಗರೇಟು ಸೇದುತ್ತೆ. ಮೋಟು ಎಲ್ಲ ನಿಮ್ಮ ಕಾಲಡಿ ಬಿದ್ದಿದೆ."

"ಇಷ್ಟು ದಿನ ತೊಟ್ಟಿಗೆ ಟಾರ್ಚ್ ಬಿಟ್ರಿ. ಇನ್ನು ನಮ್ಮ ಮೂಗಿಗೂ ಬಿಡ್ತೀರಾ?"

"ಟಾರ್ಚ್ ಯಾಕೆ? ಮೂರು ಮನೆ ಆಚೆಗೇ ವಾಸನೆ ಹೊಡೆಯುತ್ತೆ. ಆದ್ರೆ ತಪ್ಪು ನಂದೇ. ಸೂರು, ಕರೆಂಟು, ಕಾವಲು ಎಲ್ಲ ಇದೆ ಅಂತ ಇಲ್ಲಿ ಕಟ್ಟಿದವಳು ನಾನು."

"ಹೋಗ್ಲಿ, ಅದನ್ನೂ ಸೇರ್ಸಿಬಿಡಿ. ಅಂಕಿ ದೊಡ್ಡದಾಗುತ್ತೆ. ಯಾರು ಹೇಳ್ತಾರೆ?"

"ನಾನು ಹೇಳ್ತೀನಿ."

ಅಂದೇ ಪೆಟ್ಟಿಗೆ ಶಾಲೆಯ ಕಾಂಪೌಂಡಿಗೆ ಹೋಯಿತು. ಉಳಿದದ್ದು ಹದಿನೈದು ದಿನ. ಪ್ರತಿ ಬೆಳಿಗ್ಗೆ ವಾರ್ತಿನಾ ಗೇಟಿನ ಬಳಿ ಸ್ಟೂಲು ಹಾಕಿ ಕುಳಿತು, ಹಾದುಹೋದ ಪ್ರತಿ ಲಾರಿಯನ್ನೂ ಅಂಕಿಯ ಪಕ್ಕದಲ್ಲಿ ಬರೆದರು.

ಸಭೆಯಲ್ಲಿ ಅಧಿಕಾರಿ ಹಾಳೆ ತಿರುವಿ ಕೇಳಿದರು: "ಮೊದಲ ಹದಿಮೂರು ದಿನಕ್ಕೆ ಅಡ್ಡಗೆರೆ ಯಾಕೆ?"

"ಅದು ಲಾರಿ ಹೊಗೆ ಅಲ್ಲ, ಪಾಕ್. ನಮ್ಮ ಓಣಿ ಗಂಡಸರ ಹೊಗೆ."

ಸಭೆ ನಕ್ಕಿತು. ಲಾರಿ ಮಾಲೀಕರ ಪರವಾಗಿ ಬಂದಿದ್ದಾತ ತಕ್ಷಣ ಎದ್ದ. "ನೋಡಿ, ಅವರೇ ಒಪ್ಕೊಂಡ್ರು! ಉಳಿದದ್ದು ಅಡುಗೆಮನೆ ಹೊಗೆ ಅಲ್ಲ ಅಂತ ಏನು ಗ್ಯಾರಂಟಿ?"

ವಾರ್ತಿನಾ ಕುರ್ಚಿಯಿಂದ ಏಳಲಿಲ್ಲ. "ಲಾರಿ ಇಲ್ಲದ ಎರಡು ಭಾನುವಾರ ಇದೆ, ನೋಡಿ. ಅಂಕಿ ಅರ್ಧಕ್ಕೆ ಇಳಿದಿದೆ. ಭಾನುವಾರ ನಾವೇನು ಉಪವಾಸ ಇರ್ತೀವಾ?"

ಅಧಿಕಾರಿ ಆ ಎರಡು ಸಾಲುಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ಓದಿದರು. "ತಮ್ಮ ತಪ್ಪನ್ನು ತಾವೇ ಹೊಡೆದುಹಾಕಿದ ಲೆಕ್ಕವನ್ನು ನಾನು ನಂಬ್ತೀನಿ" ಎಂದರು. ಮೂರು ತಿಂಗಳ ಪ್ರಯೋಗಕ್ಕೆ ಆದೇಶವಾಯಿತು.

ಮೊದಲ ಸೋಮವಾರ ಲಾರಿಗಳು ದೂರದ ಕೂಡುರಸ್ತೆಯಲ್ಲಿ ಎಂಜಿನ್ ಆರಿಸಿ ಸಾಲಾಗಿ ನಿಂತಿದ್ದವು. ಚಾಲಕರು ಕಾಫಿ ಕುಡಿಯುತ್ತಿದ್ದರು. ಮಕ್ಕಳು ರಸ್ತೆಯಗಲಕ್ಕೂ ಹರಡಿ ನಡೆದರು. ಸೆಕಾರ್ ಅವರ ನಡುವೆ ಓಡಿದಳು. ಗೇಟಿನ ಬಳಿ ಅವಳ ಅಜ್ಜಿ ಅಂದಿನ ಅಂಕಿ ಬರೆದುಕೊಂಡರು: ಭಾನುವಾರದ್ದಕ್ಕಿಂತ ಕೇವಲ ಎರಡು ಹೆಚ್ಚು.