ಆಷಾಢದ ನೆಪ

ಚಾಮರಾಜಪೇಟೆಯ ಆ ಮನೆ ನನ್ನ ಅಕ್ಕನದು. ಶಾಲೆಯಲ್ಲಿ ಟೀಚರಾಗಿ ದುಡಿದು ಕೊಂಡದ್ದು. ಅವಳು ಮದುವೆಯಾಗಲಿಲ್ಲ. ದೂರದ ನಂಟರ ತಬ್ಬಲಿ ಮಗುವೊಂದನ್ನು ತಂದು ಸಾಕಿದಳು. ದತ್ತಕದ ಕಾಗದ ಮಾಡಿಸಲಿಲ್ಲ. ಆ ಹುಡುಗಿಗೆ ಈಗ ನಲವತ್ತು ದಾಟಿದೆ, ಬುದ್ಧಿ ಮಾತ್ರ ಆರು ವರ್ಷದ್ದು. ಮೂಲೆ ಅಂಗಡಿಯಾಚೆ ಒಬ್ಬಳೇ ಹೋಗಲಾರಳು.

ತಾನು ಹೋದಮೇಲೆ ಅವಳ ಗತಿಯೇನೆಂದು ಅಕ್ಕ ಮನೆಯನ್ನು ಒಂದು ಟ್ರಸ್ಟ್ ಹೆಸರಿಗೆ ಬರೆಯಲು ಹೊರಟಳು. ಹುಡುಗಿ ಬದುಕಿರುವವರೆಗೂ ಅಲ್ಲೇ ಇರಬೇಕು, ಮಹಡಿಯ ಬಾಡಿಗೆ ಅವಳ ಊಟ, ಔಷಧಿಗೆ, ಮನೆ ಮಾರುವ ಹಾಗಿಲ್ಲ. ಇದನ್ನೆಲ್ಲ ನೋಡಿಕೊಳ್ಳುವ ಟ್ರಸ್ಟಿ ನಾನು.

ಪತ್ರ ತಯಾರಿಸಿದ ವಕೀಲರು ಎಚ್ಚರಿಸಿದ್ದರು: "ಸಹಿ ಮಾಡಿ ರಿಜಿಸ್ಟರ್ ಆಗೋವರ್ಗೂ ಇದು ಬರೀ ಕಾಗದ ಮೇಡಂ."

ಅದಾಗುವ ಮೊದಲೇ ಅಕ್ಕ ತೀರಿಕೊಂಡರೆ ಮನೆ ಒಬ್ಬನೇ ತಮ್ಮನಾದ ನನ್ನದು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಆಷಾಢ ಕಳೀಲಿ ಅಕ್ಕ. ಮನೆ ಪತ್ರ ಈ ತಿಂಗಳು ಯಾರು ಮಾಡಿಸ್ತಾರೆ?" ಎಂದೆ.

"ಕಾಗದಕ್ಕೆ ಆಷಾಢ ಏನೋ, ಶ್ರಾವಣ ಏನೋ? ನಿನ್ನ ಮದ್ವೆ ಆಷಾಢದಲ್ಲಿ ಇಟ್ಟಿದ್ರೆ ನಿನ್ನ ಹೆಂಡ್ತಿಯಾದ್ರೂ ಬಚಾವಾಗ್ತಿದ್ಳು," ಎಂದು ನಕ್ಕಳು. ಆದರೂ ಒಪ್ಪಿದಳು. ಪತ್ರದ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟೆ. ಭಕ್ತಿಯೆಂದು ತಿಳಿದಳು.

ಶ್ರಾವಣ ಬಂತು. ದಿನ ಗೊತ್ತುಮಾಡಲು ನೋಂದಣಿ ಕಚೇರಿಗೆ ಹೋಗುತ್ತೇನೆಂದು ಹೊರಟು, ಪಾರ್ಕಿನಲ್ಲಿ ಕೂತೆದ್ದು ಬಂದು, "ಸರ್ವರ್ ಡೌನ್ ಅಂತೆ," ಎಂದೆ. ಹೀಗೆ ಎರಡು ಸಲ. ಆಮೇಲೆ ಪಿತೃಪಕ್ಷವೆಂದೆ. ಅಷ್ಟರಲ್ಲಿ ಅಕ್ಕನಿಗೆ ಉಸಿರಾಟ ಕಷ್ಟವಾಯಿತು. ಹೃದಯ ಸೋತಿದೆ ಎಂದರು ಡಾಕ್ಟರು.

ಒಂದು ಬೆಳಿಗ್ಗೆ ಅವಳೇ ಕರೆದಳು. "ಇವತ್ತೇ ಆಗ್ಬೇಕು. ಹಾಸಿಗೆ ಹಿಡಿದೋರ ಮನೆಗೆ ನೋಂದಣಿ ಅಧಿಕಾರಿನೇ ಬರ್ತಾರಂತೆ, ವಕೀಲರು ಅರ್ಜಿ ಹಾಕಿದಾರೆ. ಡಾಕ್ಟರ್ ಚೀಟಿ ಕೊಟ್ಟು ಅವ್ರನ್ನ ಕರ್ಕೊಂಡು ಬಾ."

ಹೋದೆ. ನೋಂದಣಿ ಕಚೇರಿಯ ಹೊರಗೆ ಬೆಂಚಿತ್ತು. ಚೀಟಿ ಜೇಬಿನಲ್ಲಿಟ್ಟುಕೊಂಡು ಅಲ್ಲೇ ಕೂತೆ. ಒಂದು ಗಂಟೆ ಕಳೆಯಿತು. ಒಳಗೆ ಜನ ಹೋಗುತ್ತಿದ್ದರು, ಬರುತ್ತಿದ್ದರು. ಫೋನ್ ಬಡಿದುಕೊಂಡಿತು. ಅಕ್ಕನ ಕತೆ ಆಗಿಹೋಯಿತು ಅಂದುಕೊಂಡೆ. ದೇವರಾಣೆ, ಆ ಕ್ಷಣ ಎದೆ ಹಗುರಾಯಿತು.

ಹುಡುಗಿಯ ದನಿ. "ಮಾಮಾ, ಅಮ್ಮ ಜೋರಾಗಿ ಉಸಿರಾಡ್ತಿದೆ. ನಿಂಗೂ ಅನ್ನ ಇಟ್ಟಿದೀನಿ. ಬರ್ತೀಯಲ್ಲಾ?"

ಬೆಂಚಿನಿಂದ ಎದ್ದೆ. ಒಳಗೆ ಹೋಗಿ ಚೀಟಿ ಕೊಟ್ಟೆ.

ಅಧಿಕಾರಿ ಬರುವಷ್ಟರಲ್ಲಿ ಮಧ್ಯಾಹ್ನ ಮೂರಾಗಿತ್ತು. ಅಕ್ಕ ದಿಂಬಿಗೊರಗಿ ಕೂತಿದ್ದಳು, ಪಕ್ಕದಲ್ಲಿ ವಕೀಲರು.

"ಯಾರದಾದ್ರೂ ಒತ್ತಾಯ ಇದ್ಯಾ ಅಮ್ಮಾ?" ಎಂದು ಅಧಿಕಾರಿ ಕೇಳಿದರು.

"ಒತ್ತಾಯ ಇಲ್ಲ ಸಾರ್. ಅಡ್ಡಿ ಇತ್ತು."

ವಕೀಲರು ತೆಗೆದದ್ದು ಅರಿಶಿನ ಹಚ್ಚಿದ ಪತ್ರವಲ್ಲ, ಹೊಸದು. ಟ್ರಸ್ಟಿಯ ಜಾಗದಲ್ಲಿ ಅಕ್ಕನ ಹಳೆಯ ಶಿಷ್ಯೆಯೊಬ್ಬಳ ಹೆಸರಿತ್ತು. ಅಕ್ಕ ಪ್ರತಿ ಪುಟಕ್ಕೂ ಸಹಿ ಮಾಡಿ, ಪೆನ್ನನ್ನು ನನ್ನತ್ತ ಚಾಚಿದಳು. "ಸಾಕ್ಷಿಗೆ ನೀನು ಹಾಕು."

ಹಾಕಿದೆ. ಆಮೇಲೆ ಹುಡುಗಿ ಬಡಿಸಿದ ತಣ್ಣನೆಯ ಅನ್ನ ಉಂಡೆ.

ಅಕ್ಕ ಮತ್ತೆ ಹತ್ತೊಂಬತ್ತು ದಿನ ಇದ್ದಳು. ದಿನವೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಅವಳು ಒಂದು ದಿನವೂ ಏನೂ ಕೇಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆನೇನೋ.