ಅತ್ತರಿನವನ ಮೂಗು

ಗಂಗಾವತಿಯಲ್ಲಿ ಅತ್ತರು ಮಾರುವ ನನ್ನ ಕಾಲೇಜು ಗೆಳೆಯನಿಗೆ ಜ್ವರ ಬಂತು. ಹೋಗುವಾಗ ಅವನ ಮೂಗಿನ ಶಕ್ತಿಯನ್ನೂ ಒಯ್ದಿತು. ವಾಸನೆ ತಿಳಿಯದ ಅತ್ತರಿನವನೆಂದು ಊರಿಗೆ ಗೊತ್ತಾದರೆ ವ್ಯಾಪಾರ ಮುಗಿದಂತೆ, ತಾವರಗೇರಾದ ಅಣ್ಣನ ಚಪ್ಪಲಿ ಅಂಗಡಿಯಲ್ಲಿ ಹೋಗಿ ಕೂರಬೇಕು. ಹಾಗಾಗಿ ಹೆಂಡತಿ ಪರದೆಯ ಹಿಂದೆ ಕೂತು ಮೂಸಿ ಪಿಸುಗುಡುತ್ತಿದ್ದಳು, ಇವನು ಮುಂದೆ ತಲೆದೂಗುತ್ತ ಮಾರುತ್ತಿದ್ದ.

ಒಂದು ದಿನ ಫೋನ್ ಮಾಡಿದ. "ಒಂದೀಟು ವಾಸನಿ ಬರಾಕತ್ತೈತಲೇ. ಆದ್ರ ಅಂಗಡ್ಯಾಗಿನ ಸೀಸೆ ಎಲ್ಲಾ ಬಣ್ಣದ ಮ್ಯಾಲೆ ಗೊತ್ತು, ನೋಡಿದ ಕೂಡ್ಲೆ ವಾಸನಿ ಬಂದಂಗ ಆಕ್ಕೈತಿ. ಖರೇನೋ ಸುಳ್ಳೋ ತಿಳೀವಲ್ದು. ನೀ ಲ್ಯಾಬಿನಾಂವ, ಬಾ."

ವಿಶ್ವವಿದ್ಯಾಲಯದಲ್ಲಿ ನನ್ನ ಕೆಲಸ ಬ್ಯಾಕ್ಟೀರಿಯಾದ ಒಂದು ಕಿಣ್ವದ ಜೊತೆ. ಟ್ರಿಪ್ಟೊಫನೇಸ್ ಅಂತ. ಬೇಳೆ, ಹಾಲುಗಳಲ್ಲಿರುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಅದು ಕತ್ತರಿಸಿದಾಗ ಇಂಡೋಲ್ ಎಂಬ ವಸ್ತು ಹೊರಬರುತ್ತದೆ. ತೀರಾ ತೆಳುವಾಗಿದ್ದರೆ ಅದು ಮಲ್ಲಿಗೆ, ದಟ್ಟವಾದರೆ ಸಂಡಾಸು. ಬ್ಯಾಕ್ಟೀರಿಯಾದ ಜೀನು ತಿದ್ದಿ, ಕಿಣ್ವ ಬೇಕಾದಷ್ಟೇ ದುಡಿಯುವಂತೆ ಮಾಡುವುದು ನಮ್ಮ ಉದ್ದೇಶ. ಹೆಚ್ಚಿನ ದಿನ ಅದು ಮಾತು ಕೇಳುವುದಿಲ್ಲ, ನಾವು ಕಿಟಕಿ ತೆರೆಯುತ್ತೇವೆ.

ಬ್ಯಾಕ್ಟೀರಿಯಾವನ್ನು ಅಲ್ಲೇ ಬಿಟ್ಟು, ಶುದ್ಧ ಮಾಡಿದ ಇಂಡೋಲನ್ನು ಎರಡು ಸೀಸೆಗಳಲ್ಲಿ ಒಯ್ದೆ. ಒಂದು ತೆಳು, ಒಂದು ದಟ್ಟ. ಎರಡಕ್ಕೂ ಬಣ್ಣವಿಲ್ಲ.

ತೆಳುವಾದದ್ದನ್ನು ಮೂಸಿ ಗೆಳೆಯ ಕುಣಿದ. "ಮಲ್ಲಿಗಿ!"

ನಾನೂ ಕುಣಿಯಬೇಕಿತ್ತು. ಆದರೆ ಮಲ್ಲಿಗೆ ಎಂದು ನಾನೇ ಮೊದಲು ಬಾಯಿಬಿಟ್ಟಿದ್ದೆನೇ? ಇಲ್ಲವೆಂದೇ ನೆನಪು. ಆದರೆ ಯಲಬುರ್ಗಾದಲ್ಲಿ ಮರೆತೆನೆಂದು ಆಣೆ ಮಾಡಿದ ಛತ್ರಿ ಕುಷ್ಟಗಿಯಲ್ಲಿ ಸಿಕ್ಕ ಮೇಲೆ ನನ್ನ ನೆನಪನ್ನು ನಾನು ನಂಬುವುದಿಲ್ಲ.

"ನಾ ಮೊದಲ ಹೇಳಿದ್ನೇನು?"

"ಇಲ್ಲಲೇ, ಖುದಾ ಕಸಮ್!"

"ಹೇಳಿದ್ರಿ ಅಣ್ಣಾರ," ಪರದೆಯ ಹಿಂದಿನಿಂದ ಅವನ ಹೆಂಡತಿಯ ದನಿ. "ಹಿಟ್ನಾಳ ದಾಟಿದಾಗ ಫೋನ್ ಮಾಡಿದ್ರಲ್ಲ, ಮಲ್ಲಿಗಿ ತರಾಕತ್ತೀನಿ ಅಂದ್ರಿ. ಇವರು ಸ್ಪೀಕರ್ ಹಚ್ಚಿದ್ರು."

ಗೆಳೆಯನ ಮುಖ ಇಳಿಯಿತು. "ನಿನ್ನ ಅನುಮಾನಕ್ಕ ಬೆಂಕಿ ಹತ್ತಲಿ. ನನಗ ಚಪ್ಪಲಿನ ಗತಿ."

ಈ ಸಲ ವಾಸನೆಯ ಹೆಸರೆತ್ತದೆ ಎರಡನೆಯ ಸೀಸೆ ಮುಂದಿಟ್ಟೆ. ಅವನ ಮನಸ್ಸು ಮುರಿದಿತ್ತು, ಕೈ ಮಾತ್ರ ಅತ್ತರಿನವನದೇ. ಅತ್ತರಿನಲ್ಲಿ ಅದ್ದಿದ ಹತ್ತಿಯನ್ನು ಕಿವಿಯ ಮಡಿಕೆಗೆ ಸಿಕ್ಕಿಸಿಕೊಳ್ಳುವುದು ಅವರ ಮನೆಯ ರೂಢಿ. ಮೂಸುವುದನ್ನೂ ಮರೆತು ಹತ್ತಿ ಅದ್ದಿ ಕಿವಿಗೆ ಸಿಕ್ಕಿಸಿಯೇಬಿಟ್ಟ. ನಾನು ಉಸಿರು ಬಿಗಿಹಿಡಿದೆ. ಕಾತರಕ್ಕೂ ಹೌದು, ವಾಸನೆಗೂ ಹೌದು.

ಮೊದಲು ಮೂಗು ಸುಕ್ಕಾಯಿತು, ಆಮೇಲೆ ಇಡೀ ಮುಖ.

"ಥೂ! ಸಂಡಾಸ ತುಂಬ್ಕೊಂಡು ಬಂದೀಯೇನಲೇ ಹಲಕಟ್!"

ಪರದೆ ಸರಿಯಿತು. ಹೆಂಡತಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಗುತ್ತಿದ್ದಳು, ಕಣ್ಣು ತುಂಬಿದ್ದವು. "ಇದನ್ನ ಯಾರೂ ಮೊದಲ ಹೇಳಿರಲಿಲ್ರಿ ಅಣ್ಣಾರ!"

ಅಷ್ಟರಲ್ಲಿ ಹೊಸಿಲಿಗೆ ಒಬ್ಬ ಗಿರಾಕಿ ಬಂದು ಕರವಸ್ತ್ರ ತೆಗೆದು ಮೂಗಿಗೆ ಹಿಡಿದ. ಅವನು ಹಾಗೇ ತಿರುಗಿ ಹೋದನೆಂದು ನನ್ನ ನೆನಪು, ಗುಲಾಬಿ ಅತ್ತರು ಕೊಂಡನೆಂದು ಗೆಳೆಯನದು. ಆದರೆ ಕಿವಿಯ ಹತ್ತಿಯನ್ನೂ ತೆಗೆಯದೆ, ಇಷ್ಟು ದಿನ ಮುಚ್ಚಿಟ್ಟ ಗುಟ್ಟನ್ನೂ ಮರೆತು, ಗೆಳೆಯ ಬೀದಿಗೆಲ್ಲ ಕೇಳುವಂತೆ ಕೂಗಿದ್ದರ ಬಗ್ಗೆ ನಮ್ಮಿಬ್ಬರಿಗೂ ಜಗಳವಿಲ್ಲ:

"ಬರ್ರಿ ಬರ್ರಿ! ವಾಸನಿ ಬರಾಕತ್ತೈತೇನ್ರಿ? ನನಗೂ ಬರಾಕತ್ತೈತ್ರಿ!"